ಮೆಣಸಿನ ಹೂವಿನ ಫೋಟೋ ಒಂದಲ್ಲ, ಹತ್ತು ತೆಗೀರಿ

ಮಳೆ ಹಿಡಿದು ಮೆಣಸಿನ ಬಳ್ಳಿ ಕರೆ ಬಿಡೋಕೆ ಶುರುವಾದ್ರೆ ಸಾಕು, ನನ್ನ ಮೊಬೈಲಿಗೆ ಫೋಟೋ ಬರ್ತಾವೆ. "ಅಣ್ಣಾ, ಈ ಬಳ್ಳಿ ಹೆಂಗೈತಿ ನೋಡ್ರಿ, ಕುಡಿ ತಂದು ನೆಡಬಹುದಾ?" ಅಂತ. ತೆಗೆದು ನೋಡಿದ್ರೆ ಹಸಿರು ದಾರದ ಹಾಗೆ ಏನೋ ಜೋತಾಡ್ತಿರುತ್ತೆ, ಹೂ ಇರಬೇಕಾದ ಜಾಗದಲ್ಲಿ ಬರೀ ಮಂಜು. ಇದನ್ನ ನೋಡಿ ನಾನೇನು, ತೋಟಗಾರಿಕೆ ಓದಿದವರೂ ಏನೂ ಹೇಳೋಕಾಗಲ್ಲ. ತಾಯಿಬಳ್ಳಿ ಆರಿಸೋದಕ್ಕೆ ಕಳಿಸೋ ಹೂವಿನ ಫೋಟೋ ಫೋಕಸ್ ಸ್ಟ್ಯಾಕಿಂಗ್ ಮಾಡಿದ್ದೇ ಆಗಿರಬೇಕು ಅನ್ನೋದು ನನ್ನ ವಾದ. ಕ್ಯಾಮೆರಾ ಹುಚ್ಚಿನವರ ಶೋಕಿ ಇದು ಅಂತ ಮೊದಲು ನಾನೂ ನಕ್ಕಿದ್ದೆ.

ನಗು ನಿಂತದ್ದು ನಷ್ಟ ಆದಮೇಲೆ. ಮಾಲ್ಕಿ ಜಾಗದ ಒಂದು ಹಲಸಿನ ಮರಕ್ಕೆ ಹಬ್ಬಿದ ಹಳೇ ಬಳ್ಳಿ, ಗೇಣುದ್ದ ಕರೆ ಬಿಡ್ತಿತ್ತು. ಉದ್ದ ನೋಡಿ ಮರುಳಾಗಿ ಅದರ ಕುಡಿ ತಂದು ಅರವತ್ತು ಅಡಿಕೆ ಮರಕ್ಕೆ ಹಚ್ಚಿದೆ. ನಾಲ್ಕನೇ ವರ್ಷ ಕರೆ ಬಂತು, ಕಾಳು ಬರಲಿಲ್ಲ. ಅಲ್ಲೊಂದು ಇಲ್ಲೊಂದು, ಹಲ್ಲು ಉದುರಿದ ಬಾಯಿ ಹಾಗೆ. ಹೂ ಬಿಡುವಾಗ ಮಳೆ ಕೈಕೊಟ್ಟರೂ, ನೆರಳು ಜಾಸ್ತಿ ಆದರೂ ಹೀಗಾಗುತ್ತೆ, ಒಪ್ಪಿದೆ. ಆದ್ರೆ ಅದೇ ಸಾಲಿನ ಪನ್ನಿಯೂರು-1 ತುಂಬಿ ನಿಂತಿತ್ತಲ್ಲ!

ವ್ಯತ್ಯಾಸ ಹೂವಿನಲ್ಲಿತ್ತು. ಕಾಡು ಮೆಣಸಿನಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಪನ್ನಿಯೂರು-1ರಲ್ಲಿ ಬಹುಪಾಲು ಹೂ ದ್ವಿಲಿಂಗಿ, ಅಂದ್ರೆ ಗಂಡು ಹೆಣ್ಣು ಎರಡೂ ಒಂದರಲ್ಲೇ. ಪರಾಗ ಮಳೆನೀರಿನ ಜೊತೆ ಕರೆಗುಂಟ ಕೆಳಗಿಳಿದು ಕಾಳು ಕಟ್ಟುತ್ತೆ. ನಾನು ತಂದ ಬಳ್ಳಿಯಲ್ಲಿ ಹೆಣ್ಣು ಹೂವೇ ಜಾಸ್ತಿ. ಅದನ್ನ ನೆಡೋ ಮೊದಲೇ ನೋಡಬಹುದಿತ್ತು. ಅಂಡಾಶಯದ ತುದಿಯಲ್ಲಿ ಬಿಳಿ ನಕ್ಷತ್ರದಂಥ ಶಲಾಕಾಗ್ರ, ಅದರ ಎರಡು ಪಕ್ಕ ಒಂದೊಂದು ಪರಾಗಕೋಶ. ಪಕ್ಕದ ಆ ಎರಡು ಚುಕ್ಕಿ ಇದ್ರೆ ದ್ವಿಲಿಂಗಿ. ಚುಕ್ಕಿ ಒಂದು ಮಿಲಿಮೀಟರೂ ಇರಲ್ಲ, ಅದೇ ತೊಂದರೆ.

ಅಷ್ಟು ಹತ್ತಿರ ಹೋದಾಗ ಲೆನ್ಸಿಗೆ ಸ್ಪಷ್ಟವಾಗಿ ಕಾಣೋದು ಕಾಗದದಷ್ಟು ತೆಳು ಪದರ ಮಾತ್ರ. ಕರೆ ದುಂಡಗಿದೆ, ಶಲಾಕಾಗ್ರ ಮುಂದೆ, ಪರಾಗಕೋಶ ಹಿಂದೆ. ಒಂದು ಸಿಕ್ಕರೆ ಇನ್ನೊಂದು ಮಸುಕು. ದೊಡ್ಡ ಕ್ಯಾಮೆರಾದವರು ಅಪರ್ಚರ್ ಎಫ್-22ಕ್ಕೆ ಇಳಿಸಿ ನೋಡ್ತಾರೆ, ಆಗ ಪದರ ದಪ್ಪ ಆಗುತ್ತೆ, ಆದ್ರೆ ಬೆಳಕು ಚದುರಿ ಇಡೀ ಚಿತ್ರದ ಚೂಪು ಹೋಗುತ್ತೆ. ಅದಕ್ಕೇ ಸ್ಟ್ಯಾಕಿಂಗ್: ಪದರ ಪದರವಾಗಿ ಹತ್ತು ಫೋಟೋ ತೆಗೆದು, ಪ್ರತಿಯೊಂದರ ಚೂಪಾದ ಭಾಗ ಮಾತ್ರ ಆರಿಸಿ ಒಂದಕ್ಕೆ ಸೇರಿಸೋದು.

ನನ್ನ ಸಲಕರಣೆ ನೋಡಿದ್ರೆ ನಗ್ತೀರಿ. ಮೊಬೈಲಿಗೆ ಚಿಮಟಿಯಂತೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್. ಹಲಗೆಯಲ್ಲಿ ಕೊರೆದ ಕಾಲುವೆ, ಅದರೊಳಗೆ ಜಾರೋ ಮರದ ತುಂಡು, ಅದರ ಮೇಲೆ ಚಪಾತಿ ಹಿಟ್ಟಿನ ಉಂಡೆಗೆ ಚುಚ್ಚಿದ ಕರೆ. ತುಂಡನ್ನ ಹಿಂದಿನಿಂದ ತಳ್ಳೋಕೆ ನಟ್ಟಿನಲ್ಲಿ ಕೂರಿಸಿದ ಎಂ-6 ಬೋಲ್ಟ್. ಸಾಮಾನ್ಯ ಎಂ-6 ಬೋಲ್ಟ್ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸರಿಯುತ್ತೆ, ಕಾಲು ಸುತ್ತಿಗೆ ಕಾಲು ಮಿಲಿಮೀಟರ್. ಫೋಕಸ್ಸೂ ಬೆಳಕೂ ಲಾಕ್ ಮಾಡಿ, ಕಾಲು ಸುತ್ತಿಗೊಂದು ಫೋಟೋ. ಬಟನ್ ಒತ್ತಿದಾಗ ಮೊಬೈಲ್ ಅಲುಗುತ್ತೆ, ಅದಕ್ಕೆ ಎರಡು ಸೆಕೆಂಡ್ ಟೈಮರ್ ಇಡ್ರಿ. ತೋಟದಲ್ಲೇ ತೆಗೀತೀನಿ ಅಂತ ಹಟ ಬೇಡ. ಆಷಾಢದ ಗಾಳಿಗೆ ಹತ್ತು ಫೋಟೋದಲ್ಲಿ ಹತ್ತು ಕಡೆ ಇರುತ್ತೆ ಹೂವು. ಕಿತ್ತು ಜಗಲಿಗೆ ತನ್ನಿ. ಪವರ್‌ಹೌಸ್ ಮಗ್ಗುಲಲ್ಲಿದ್ರೂ ಗಾಳಿ ಮಳೆಗೆ ಕರೆಂಟ್ ಹೋಗೋದು ಹೋಗೋದೇ, ಬ್ಯಾಟರಿ ಲೈಟ್ ಇಟ್ಕೊಳ್ರಿ.

ಜೋಡಿಸೋಕೆ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಅಂತ ದುಡ್ಡಿನ ಸಾಫ್ಟ್‌ವೇರ್ ಇವೆ. ನಮಗೆ ಹ್ಯೂಗಿನ್ ಮತ್ತು ಎನ್‌ಫ್ಯೂಸ್ ಸಾಕು, ಪುಕ್ಕಟೆ. ಮನೆಯಲ್ಲಿ ಕಾಲೇಜು ಹುಡುಗರಿದ್ರೆ ಕೊಟ್ಟುಬಿಡ್ರಿ. ಆದ್ರೆ ಮೊಬೈಲಿನ "ಚೂಪು ಮಾಡು" ಬಟನ್ ಮುಟ್ಟಬೇಡಿ. ಅದು ಇಲ್ಲದ ಅಂಚನ್ನೂ ಗೀಚಿ ತೋರಿಸುತ್ತೆ. ಸ್ಟ್ಯಾಕಿಂಗೂ ಒಮ್ಮೊಮ್ಮೆ ಸುಳ್ಳು ಹೇಳುತ್ತೆ: ಕರೆ ಮೇಲೆ ಇರುವೆ ಓಡಿದ್ರೆ ಒಂದೇ ಇರುವೆ ಮೂರಾಗುತ್ತೆ. ಅನುಮಾನ ಬಂದ ಚುಕ್ಕಿಯನ್ನ ಮೂಲ ಫೋಟೋದಲ್ಲಿ ಹುಡುಕಿ ನೋಡಬೇಕು. ಹಾಗಾಗಿ ಕಳಿಸುವಾಗ ಹತ್ತೂ ಕಳಿಸ್ರಿ.

ಇನ್ನೊಂದು. ಮೆಣಸಿನ ಹೂವಿನಲ್ಲಿ ಶಲಾಕಾಗ್ರ ಮೊದಲು ಹೊರಬರುತ್ತೆ, ಪರಾಗಕೋಶ ಕೆಲವು ದಿನ ಬಿಟ್ಟು. ಮೊದಲ ದಿನದ ಫೋಟೋದಲ್ಲಿ ಎಲ್ಲ ಬಳ್ಳಿಯೂ ಹೆಣ್ಣೇ! ತೊಟ್ಟಿನ ಕಡೆ ಹೂ ಮೊದಲು ಅರಳುತ್ತೆ, ತುದಿ ಕೊನೆಗೆ. ಎರಡೂ ಕಡೆ ಬೇರೆ ಬೇರೆ ತೆಗೆದು, ವಾರ ಬಿಟ್ಟು ಅದೇ ಬಳ್ಳಿಯ ಇನ್ನೊಂದು ಕರೆ ತೆಗೀರಿ.

"ಹತ್ತು ಪಟ್ಟು ದೊಡ್ಡದು ತೋರಿಸೋ ಕೈಮಸೂರ ಇದ್ರೆ ಸಾಲದಾ?" ಅಂತ ಪಕ್ಕದ ತೋಟದ ಹಿರಿಯರು ಕೇಳಿದ್ರು. ನೀವೇ ಬಳ್ಳಿ ಬುಡದಲ್ಲಿ ನಿಂತು ನೋಡೋದಾದ್ರೆ ಸಾಕು, ಖಂಡಿತ. ಆದ್ರೆ ಮಸೂರದಲ್ಲಿ ಕಂಡದ್ದನ್ನ ಇನ್ನೊಬ್ಬರಿಗೆ ಕಳಿಸೋಕಾಗಲ್ಲ, ಮುಂದಿನ ವರ್ಷಕ್ಕೆ ಇಟ್ಟು ಹೋಲಿಸೋಕಾಗಲ್ಲ. ಮಲ್ಲಿಗೆಸರ, ಉದ್ದಗರೆ ಅಂತ ನಮ್ಮ ಜಿಲ್ಲೆಯ ಹಳೇ ತಳಿ ಇನ್ನೂ ಯಾರ್ಯಾರ ಹಿತ್ತಲಲ್ಲೋ ಇವೆ, ಒಂದೇ ಹೆಸರಲ್ಲಿ ಎರಡು ಥರ ಬಳ್ಳಿ ಓಡಾಡ್ತಿವೆ. ಹುಲಿ ಸಂರಕ್ಷಿತ ಕಾಡೊಳಗೆ ಹೋಗಿ ಬಳ್ಳಿ ಕೀಳೋದು ಬೇಡ, ನಮ್ಮ ನಮ್ಮ ಹಿತ್ತಲದ್ದೇ ನೋಡೋಣ.

ಆ ಅರವತ್ತರಲ್ಲಿ ನಲವತ್ತು ತೆಗೆದೆ. ಉಳಿದ ಇಪ್ಪತ್ತರ ಮಧ್ಯೆ ಹೋದ ಮಳೆಗಾಲ ಪನ್ನಿಯೂರು ಹಚ್ಚಿದ್ದೀನಿ. ಕಾಳು ಕಟ್ಟುತ್ತಾ ಇಲ್ವಾ, ಇನ್ನೂ ಮೂರು ವರ್ಷ ಕಾಯಬೇಕು.