ದೇವರೂ ಇರಲಿ, ಡಾಕ್ಟರೂ ಇರಲಿ

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಅಂತ ಗೊತ್ತಾದ ಕ್ಷಣ ನೀವೇನು ಮಾಡ್ತೀರಿ? ಡಾಕ್ಟರ ಚೀಟಿ ಕೈಯಲ್ಲಿದ್ದರೂ ಬಾಯಿಗೆ ಬರುವುದು ದೇವರ ಹೆಸರೇ ಅಲ್ಲವೇ?

ಅಮೆರಿಕದ ಎಷ್ಟೋ ಲ್ಯಾಟಿನೊ ಹೆಣ್ಣುಮಕ್ಕಳೂ ಥೇಟ್ ಹೀಗೆಯೇ. ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮುಂತಾದ ಕಡೆಯ ಮೂಲದವರು ಇವರು. 2020ರ ಜನಗಣತಿಯಲ್ಲಿ ಈ ಸಮುದಾಯದ ಸಂಖ್ಯೆ ಸುಮಾರು 6.2 ಕೋಟಿ. ಕ್ಯಾನ್ಸರ್ ಅಂದ ಕೂಡಲೇ ಗ್ವಾಡಲೂಪೆ ಮಾತೆಯ ಪಟದ ಮುಂದೆ ಮೋಂಬತ್ತಿ ಹಚ್ಚುತ್ತಾರೆ. ಕೈ, ಕಾಲು, ಹೃದಯದ ಆಕಾರದ ಪುಟ್ಟ ‘ಮಿಲಾಗ್ರೊ’ಗಳನ್ನು ಹರಕೆ ಒಪ್ಪಿಸುತ್ತಾರೆ, ನಮ್ಮಲ್ಲಿ ಬೆಳ್ಳಿ ಕಣ್ಣು ಒಪ್ಪಿಸುವ ಹಾಗೆ. ನ್ಯೂ ಮೆಕ್ಸಿಕೊದ ಚಿಮಾಯೊ ಚರ್ಚಿನಿಂದ ಪವಿತ್ರ ಮಣ್ಣು ತರುತ್ತಾರೆ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಆಸ್ಪತ್ರೆಯದು ಇಂಗ್ಲಿಷ್, ಮನಸ್ಸಿನದು ಸ್ಪ್ಯಾನಿಷ್ ಆದಾಗ, ಜೊತೆಗೆ ಕೂತು ಜಪಮಾಲೆ ಹಿಡಿಯುವ ಗೆಳತಿಯೇ ದೊಡ್ಡ ಆಸರೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕ್ಯಾನ್ಸರ್ ಉಲ್ಬಣಿಸಿದ್ದ 230 ಮಂದಿಯಲ್ಲಿ ಶೇ 88 ಜನ ಧರ್ಮ ತಮಗೆ ಮುಖ್ಯ ಅಂದರು. ಆದರೆ ವೈದ್ಯರ ಕಡೆಯಿಂದ ಅಂಥ ಆಸರೆ ಸಿಕ್ಕಿದ್ದು ಅತಿ ಕಡಿಮೆ, ಇಲ್ಲವೇ ಸಿಗಲೇ ಇಲ್ಲ ಅಂದವರು ಶೇ 72.

ಹಾಗಾದರೆ ಎಡವುವುದೆಲ್ಲಿ? ‘ಎಲ್ಲಾ ದೇವರಿಚ್ಛೆ’ ಅಂತ ತಪಾಸಣೆ ಮುಂದೂಡಿದಾಗ. ಅಮೆರಿಕದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಲ್ಯಾಟಿನೊ ಹೆಂಗಸರಲ್ಲಿ ಹೆಚ್ಚು. ಪ್ಯಾಪ್ ಪರೀಕ್ಷೆಯಲ್ಲಿ ಮೊದಲೇ ಸುಳಿವು ಸಿಗುವ ಕಾಯಿಲೆಯಿದು. ವಿಮೆ, ದುಡ್ಡು, ಭಾಷೆಯ ತೊಡಕುಗಳೂ ಇವೆ. ಎಲ್ಲವನ್ನೂ ನಂಬಿಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದಕ್ಕೇ ಅಲ್ಲಿ ‘ಪ್ರೊಮೊತೋರಾ’ ಎಂಬ ಆರೋಗ್ಯ ಕಾರ್ಯಕರ್ತೆಯರು ಚರ್ಚುಗಳಲ್ಲೇ ಹೆಂಗಸರನ್ನು ಮಾತಾಡಿಸಿ ತಪಾಸಣೆಗೆ ಒಪ್ಪಿಸುತ್ತಾರೆ. ನಂಬಿಕೆಯನ್ನು ಎದುರು ಹಾಕಿಕೊಳ್ಳದೆ ಜೊತೆಗೆ ಕರೆದುಕೊಂಡು ಹೋಗುವ ಈ ಜಾಣತನ ನನಗೆ ಬಹಳ ಹಿಡಿಸಿತು.

ಇನ್ನೊಂದು ಅಪಾಯ, ‘ನನ್ನ ಪಾಪಕ್ಕೆ ಶಿಕ್ಷೆ’ ಎಂಬ ಕೊರಗು. ಅಮೆರಿಕದಲ್ಲೇ 55 ವರ್ಷ ದಾಟಿದ 596 ರೋಗಿಗಳ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ದೇವರು ಕೈಬಿಟ್ಟ ಅಂತ ಒಳಗೊಳಗೇ ಬೆಂದವರಲ್ಲಿ ಎರಡು ವರ್ಷದೊಳಗೆ ಸಾಯುವ ಅಪಾಯ ಹೆಚ್ಚಿತ್ತು.

ಆದ್ದರಿಂದ ಕಾಯಿಲೆಯವರನ್ನು ನೋಡಲು ಹೋದಾಗ ‘ಯಾವ ಜನ್ಮದ ಕರ್ಮವೋ’ ಅನ್ನಬೇಡಿ. ಪ್ರಸಾದ ಕೊಡಿ, ಕೈ ಹಿಡಿದು ಕೂತ್ಕೊಳ್ಳಿ. ಹಾಗೇ ಮುಂದಿನ ತಪಾಸಣೆ ಯಾವತ್ತು ಅಂತಲೂ ಕೇಳಿ. ‘ದೇವರನ್ನು ಬೇಡುತ್ತಿರು, ಸುತ್ತಿಗೆ ಹೊಡೆಯುತ್ತಿರು’ ಅನ್ನುತ್ತದೆ ಸ್ಪ್ಯಾನಿಷ್ ಗಾದೆ. ಬೇಡುವ ಬಾಯಿಗೆ ಮಾತ್ರೆ ನುಂಗುವುದೂ ಗೊತ್ತಿರಲಿ.