ಬಂಪರಿಗೆ ಕಟ್ಟೋ ಕೂದಲೂ ಕಲೇನಾ?

ಕಳೆದ ವಾರ ಊರಿಗೆ ಹೋಗಿದ್ದೆ. ಚನ್ನರಾಯಪಟ್ಟಣದಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯ್ತಾ, ಗೆಳೆಯನಿಗೆ ಮೊಬೈಲಿನಲ್ಲಿ ಶೀಲಾ ಗೌಡರ 'ಬಿಹೋಲ್ಡ್' ಕೃತಿಯ ಫೋಟೋ ತೋರಿಸಿದೆ. "ಲೋ, ದೃಷ್ಟಿ ಆಗದಿರ್ಲಿ ಅಂತ ಗಾಡಿಗೆ ಕಟ್ಟೋ ಕೂದಲಲ್ವೇನೋ ಇದು? ಇದೂ ಒಂದು ಕಲೇನಾ?" ಅಂತ ನಕ್ಕ.

ನೋಡಿ, ಕೃತಿಯ ಅರ್ಧ ಅರ್ಥ ಅವನೇ ಹೇಳಿಬಿಟ್ಟ! ಸುಮಾರು ನಾಲ್ಕು ಕಿಲೋಮೀಟರ್ ಕೂದಲಿನ ಹಗ್ಗ, ಅದರಲ್ಲಿ ತೂಗುವ ಕಾರಿನ ಬಂಪರುಗಳು. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿತ್ತು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಲ್ಲಿಯವರಿಗೆ ಟಿಪ್ಪಣಿ ಬರೆದು ವಿವರಿಸಬೇಕಾದ್ದು ಅರಕಲಗೂಡಿನ ಆಟೋ ಡ್ರೈವರಿಗೆ ನೋಡಿದ ಕೂಡಲೇ ಗೊತ್ತಾಗುತ್ತೆ. ಹಾಗಿದ್ರೂ "ಇದೆಲ್ಲ ಫಾರಿನ್ನವರಿಗೆ, ನಮಗಲ್ಲ" ಅಂತೀವಲ್ಲ, ಯಾಕೆ ಸ್ವಾಮಿ?

ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಕಲಿತರು. ಚಿತ್ರ ಬರೀತಿದ್ದವರು 1990ರ ದಶಕದಲ್ಲಿ, ದೇಶದಲ್ಲಿ ಕೋಮುಗಲಭೆಗಳಾದ ಹೊತ್ತಲ್ಲಿ, ಸಗಣಿಗೆ ಕೈ ಹಾಕಿದರು. ಆಮೇಲೆ ಸೂಜಿ, ದಾರ, ಕುಂಕುಮ. 2006ರ 'ಡಾರ್ಕ್‌ರೂಮ್' ಅಂತೂ ಡಾಂಬರು ಡ್ರಮ್ಮುಗಳಿಂದ ಕಟ್ಟಿದ ಕೋಣೆ. ಒಳಗೆ ಬಗ್ಗಿ ಹೋಗಿ ತಲೆ ಎತ್ತಿದರೆ, ಸೂರಿನ ಸಣ್ಣ ತೂತುಗಳಿಂದ ಬೆಳಕು ನಕ್ಷತ್ರದ ಹಾಗೆ ಇಣುಕುತ್ತೆ. ರಸ್ತೆ ಕೆಲಸದವರ ತಗಡಿನ ಗುಡಿಸಲನ್ನ ಹಾಸನದ ರಸ್ತೆ ಬದಿಯಲ್ಲಿ ನೋಡದವರು ಯಾರಿದ್ದೀರಿ?

"ಕಲೆ ಅಂದ್ರೆ ಬೇಲೂರು, ಹಳೇಬೀಡು ಕಣಯ್ಯಾ" ಅಂತಾರೆ ನಮ್ಮ ಜಿಲ್ಲೆಯವರು. ಒಪ್ಪಿದೆ, 2023ರಲ್ಲಿ ಯುನೆಸ್ಕೋ ಕೂಡ ಒಪ್ಪಿತು. ಆದರೆ ಆ ಶಿಲ್ಪಿಗಳು ಕೆತ್ತಿದ್ದು ಚಿನ್ನವನ್ನಲ್ಲ, ಬಳಪದ ಕಲ್ಲನ್ನ. ವಸ್ತು ಸಾಧಾರಣ ಅನ್ನೋ ಕಾರಣಕ್ಕೆ ಶಿಲ್ಪ ಚಿಕ್ಕದಾಯ್ತಾ?

ಗ್ಯಾಲರಿಗಳ ಇಂಗ್ಲಿಷ್ ಟಿಪ್ಪಣಿ ಓದಿದ್ರೆ ನನಗೂ ತಲೆ ಕೆಡುತ್ತೆ, ಸುಳ್ಳಲ್ಲ. ಶಾಲೆಯಲ್ಲಿ ನಮ್ಮ ಡ್ರಾಯಿಂಗ್ ಪಿರಿಯಡ್ಡನ್ನ ಗಣಿತದ ಮೇಷ್ಟ್ರು ಕಿತ್ಕೊಳ್ತಿದ್ರು. ಇಂಜಿನಿಯರಿಂಗ್ ಮುಗಿಸೋವರೆಗೂ ಈ ಹೆಸರನ್ನೇ ನಾನು ಕೇಳಿರಲಿಲ್ಲ. ನಮಗೆ ಅರ್ಥ ಆಗಲ್ಲ ಅನ್ನೋದು ಸುಳ್ಳು. ನಮಗೆ ಯಾರೂ ತೋರಿಸಲಿಲ್ಲ, ಅದು ನಿಜ.

ಬ್ಲಾಗಿಗ ಮಿತ್ರರೇ, ಸಿನಿಮಾ ವಿಮರ್ಶೆ ಎಲ್ಲರೂ ಬರೀತೀವಿ. ವರ್ಷಕ್ಕೊಮ್ಮೆಯಾದ್ರೂ ಹೀಗೊಂದು ಕೃತಿಯ ಬಗ್ಗೆ, ನಮ್ಮೂರಿನ ಕನ್ನಡದಲ್ಲಿ ಬರೆಯೋಣ. ಚೆನ್ನಾಗಿಲ್ಲ ಅನ್ನಿಸಿದ್ರೆ ಬೈಯೋಣ. ಆದರೆ ನೋಡಿ ಬೈಯೋಣ. ಏನಂತೀರಾ?