ಹಳೇ ಪಾಯದ ಮೇಲೆ ಎಷ್ಟು ಮಹಡಿ?

ವಿಮಾನ ಬಿದ್ದ ಸುದ್ದಿ ಬಂದಾಗ ಪೈಲಟ್ ತಪ್ಪೋ, ಹವಾಮಾನವೋ ಎಂದು ನಾವೆಲ್ಲ ಎರಡು ದಿನ ಚರ್ಚೆ ಮಾಡಿ ಸುಮ್ಮನಾಗುತ್ತೇವೆ. ಕೆಲವು ಅಪಘಾತಗಳ ಕಾರಣ ಮಾತ್ರ ಐವತ್ತು ವರ್ಷ ಹಿಂದಿನ ನಕ್ಷೆಯವರೆಗೂ ಹೋಗುತ್ತದೆ. ಬೋಯಿಂಗ್ 737 ವಿಮಾನದ ಕಥೆ ಅಂಥದ್ದು.

1964ರಲ್ಲಿ ಅಮೆರಿಕದ ಬೋಯಿಂಗ್ ಕಂಪನಿ ಸಣ್ಣ ಊರುಗಳ ನಡುವೆ ಓಡಾಡುವ ಜೆಟ್ ವಿಮಾನದ ಕೆಲಸ ಶುರು ಮಾಡಿತು. ಸುಮಾರು 100 ಜನ ಕೂರುವಷ್ಟು, ನಡುವೆ ಒಂದೇ ಓಡಾಟದ ದಾರಿ. ಎದುರಾಳಿ ಕಂಪನಿಗಳ ವಿಮಾನಗಳಲ್ಲಿ ಎಂಜಿನ್‌ಗಳು ಬಾಲದ ಹತ್ತಿರ ಇದ್ದವು. ಬೋಯಿಂಗ್ ಎಂಜಿನಿಯರ್ ಜೋ ಸಟರ್ ಅವನ್ನು ರೆಕ್ಕೆಯ ಕೆಳಗೆ ತಂದರು. ಒಂದು ಸಾಲಿಗೆ ಐದರ ಬದಲು ಆರು ಸೀಟು ಬಂದವು.

ಆಗಿನ ಎಂಜಿನ್‌ಗಳು ಸಪೂರ. ರೆಕ್ಕೆಗೆ ಅಂಟಿದಂತೆ ಕೂರಿಸಬಹುದಿತ್ತು. ಹಾಗಾಗಿ ವಿಮಾನ ನೆಲಕ್ಕೆ ತೀರಾ ಹತ್ತಿರ ನಿಂತಿತು. ಸಣ್ಣ ನಿಲ್ದಾಣಗಳಲ್ಲಿ ದೊಡ್ಡ ಯಂತ್ರಗಳೆಲ್ಲಿ? ಹಮಾಲರು ನೆಲದ ಮೇಲೇ ನಿಂತು ಸಾಮಾನು ತುಂಬಬಹುದಿತ್ತು. ಮೆಕ್ಯಾನಿಕ್‌ಗೆ ಏಣಿ ಬೇಕಿರಲಿಲ್ಲ. ಬೇಕೆಂದವರಿಗೆ ವಿಮಾನದಲ್ಲೇ ಮಡಚುವ ಮೆಟ್ಟಿಲು ಸಿಗುತ್ತಿತ್ತು. 1967ರ ಏಪ್ರಿಲ್ 9ರಂದು ಅದು ಮೊದಲ ಸಲ ಹಾರಿತು. ಮುಂದೆ ಅಲಾಸ್ಕಾ, ಉತ್ತರ ಕೆನಡಾದ ಜಲ್ಲಿ ರನ್‌ವೇಗಳ ಮೇಲೂ ಇಳಿಯಿತು. ಬಳಸುವವರು ಯಾರು, ಅವರ ಊರಲ್ಲಿ ಏನಿದೆ, ಏನಿಲ್ಲ ಎಂದು ಕೇಳಿಕೊಂಡು ಮಾಡಿದ ಕೆಲಸವಿದು. ಇದನ್ನು ನಾವು ಮೆಚ್ಚಲೇಬೇಕು.

ಕಾಲ ಬದಲಾಯಿತು. ಇಂಧನ ಉಳಿಸಬೇಕೆಂದರೆ ಎಂಜಿನ್ ದಪ್ಪಗಾಗಬೇಕು. 1984ರಲ್ಲಿ ಹಾರಿದ ಹೊಸ ಮಾದರಿಯಲ್ಲೇ ಎಂಜಿನ್ ನೆಲಕ್ಕೆ ತಾಗದಿರಲೆಂದು ಅದರ ಹೊರಕವಚದ ತಳವನ್ನು ಚಪ್ಪಟೆ ಮಾಡಬೇಕಾಯಿತು. 2010ರ ಕೊನೆಗೆ ಏರ್‌ಬಸ್ ಕಂಪನಿ ತನ್ನ ಎ320 ವಿಮಾನಕ್ಕೆ ಹೊಸ ಎಂಜಿನ್ ಹಾಕುವುದಾಗಿ ಹೇಳಿತು. ಅದು ಎತ್ತರದ ವಿಮಾನ, ಜಾಗವಿತ್ತು. ಬೋಯಿಂಗ್ ಹೊಸ ವಿಮಾನವನ್ನೇ ಕಟ್ಟಬಹುದಿತ್ತು. ಅದಕ್ಕೆ ವರ್ಷಗಳು ಬೇಕು, ಹಣ ಬೇಕು, ಪೈಲಟ್‌ಗಳಿಗೆ ಹೊಸ ತರಬೇತಿ ಬೇಕು. 2011ರಲ್ಲಿ ಕಂಪನಿ ಹಳೇ 737ಕ್ಕೇ ದೊಡ್ಡ ಎಂಜಿನ್ ಹಾಕಲು ತೀರ್ಮಾನಿಸಿತು. ಅದೇ 737 ಮ್ಯಾಕ್ಸ್.

ಕೆಳಗೆ ಜಾಗವಿಲ್ಲದೆ ಎಂಜಿನ್ ಮುಂದಕ್ಕೂ ಮೇಲಕ್ಕೂ ಹೋಯಿತು. ಇದರಿಂದ ಕೆಲವು ಸಂದರ್ಭಗಳಲ್ಲಿ ವಿಮಾನದ ಮೂತಿ ಮೇಲೇಳುವ ಗುಣ ಹೆಚ್ಚಾಯಿತು. ಅದನ್ನು ತಾನಾಗಿಯೇ ಕೆಳಗೆ ಒತ್ತಲು ಎಂಸಿಎಎಸ್ ಎಂಬ ಸಾಫ್ಟ್‌ವೇರ್ ಸೇರಿಸಿದರು. ವಿಮಾನದಲ್ಲಿ ಎರಡು ಸೆನ್ಸರ್ ಇದ್ದರೂ ಅದು ನಂಬುತ್ತಿದ್ದುದು ಒಂದನ್ನೇ. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ಸೆನ್ಸರ್ ತಪ್ಪು ಲೆಕ್ಕ ಕೊಟ್ಟಿತು. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ 189 ಜನ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ ಸತ್ತರು.

ಹಳೇ ವಿನ್ಯಾಸವೇ ತಪ್ಪು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. 1964ರವರು ತಮ್ಮ ಕಾಲದ ಅಗತ್ಯಕ್ಕೆ ಸರಿಯಾಗೇ ಮಾಡಿದ್ದರು. ಹಳೆಯದನ್ನು ಸುಧಾರಿಸುವುದೂ ತಪ್ಪಲ್ಲ. ಹಾಕಿದ ತೇಪೆಯನ್ನು ವಿಮಾನ ಓಡಿಸುವವನಿಗೇ ಹೇಳದೆ ಬಿಟ್ಟದ್ದು ತಪ್ಪು. ಆ ಒಂದು ಸೆನ್ಸರ್ ಮೇಲೆ ಅಷ್ಟು ಜೀವಗಳನ್ನು ಬಿಟ್ಟದ್ದು ತಪ್ಪು.

2024ರ ಜನವರಿಯಲ್ಲಿ ನಮ್ಮ ದೇವನಹಳ್ಳಿ ಬಳಿಯೇ ಬೋಯಿಂಗ್‌ನ ಎಂಜಿನಿಯರಿಂಗ್ ಕೇಂದ್ರ ಉದ್ಘಾಟನೆಯಾಗಿದೆ. ನಮ್ಮ ಹಳ್ಳಿಗಳಲ್ಲಿ ಓದಿದ ಮಕ್ಕಳೂ ಮುಂದೆ ಇಂಥ ಕಡೆ ಕೆಲಸ ಮಾಡಬಹುದು. ಲೆಕ್ಕ ಮಾಡುವುದರ ಜೊತೆಗೆ "ಇದು ಸರಿಯಿಲ್ಲ ಸಾರ್" ಎನ್ನುವುದನ್ನೂ ಅವರು ಕಲಿಯಬೇಕು.

ನಮಗೂ ಇದರಲ್ಲಿ ಪಾಠವಿದೆ. ಎತ್ತಿನಗಾಡಿ ಕಾಲದ ಸೇತುವೆ ಮೇಲೆ ಇವತ್ತು ಟಿಪ್ಪರ್ ಓಡುತ್ತಿದ್ದರೆ, ಹಳೇ ಶಾಲೆಯ ಮೇಲೆ ಹೊಸ ಕೊಠಡಿ ಏಳುತ್ತಿದ್ದರೆ, ಪಾಯ ತಡೆಯುತ್ತದಾ ಎಂದು ಗ್ರಾಮಸಭೆಯಲ್ಲಿ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.